ಟೈಲಿಂಗ್ಸ್‌ಗೆ ಹೋಗುವ ತಾಮ್ರವನ್ನು ನೊರೆಗೆ ತರುವುದು ಹೇಗೆ?

ಮಧ್ಯಪ್ರದೇಶದ ಬಾಲಾಘಾಟ್ ಜಿಲ್ಲೆಯ ಮಲಾಂಜ್‌ಖಂಡ್‌ನಲ್ಲಿ ದೇಶದ ಅತಿ ದೊಡ್ಡ ತಾಮ್ರದ ಗಣಿ ಇದೆ. ಹಿಂದೂಸ್ತಾನ್ ಕಾಪರ್ ಸಂಸ್ಥೆ 1982ರಿಂದ ಅಲ್ಲಿ ತೆರೆದ ಗಣಿಯಲ್ಲಿ ಅದಿರು ತೆಗೆಯಿತು. ಮೇಲಿನ ಅದಿರು ಕರಗುತ್ತಾ ಬಂದಂತೆ ಅದೇ ಹೊಂಡದ ಅಡಿಯಲ್ಲಿ ಸುರಂಗ ಗಣಿಗಾರಿಕೆಗೆ ಇಳಿಯಿತು. ಅಲ್ಲಿನ ಅದಿರಿನಲ್ಲಿ ತಾಮ್ರದ ಪ್ರಮಾಣ ಶೇಕಡಾ ಒಂದರ ಆಸುಪಾಸು. ನೂರು ಟನ್ ಬಂಡೆ ಒಡೆದರೆ ಸಿಗುವುದು ಒಂದು ಟನ್ ತಾಮ್ರ. ಅಷ್ಟು ಬಂಡೆಯನ್ನು ನೇರವಾಗಿ ಕುಲುಮೆಗೆ ಹಾಕಿದರೆ ತಾಮ್ರಕ್ಕಿಂತ ಕಲ್ಲನ್ನು ಕರಗಿಸುವುದಕ್ಕೇ ಇಂಧನವೆಲ್ಲ ಸುಟ್ಟುಹೋಗುತ್ತದೆ. ಆದ್ದರಿಂದ ಮೊದಲು ಬಂಡೆಯನ್ನು ಪುಡಿ ಮಾಡಿ, ತಾಮ್ರವಿರುವ ಕಣಗಳನ್ನಷ್ಟೇ ಆರಿಸಿ, ಶೇಕಡಾ 25ರಷ್ಟು ತಾಮ್ರವಿರುವ ಸಾಂದ್ರ ಪುಡಿಯಾಗಿ ಮಾಡಿಕೊಳ್ಳಬೇಕು. ಆ ಪುಡಿಗೆ ಕಾನ್ಸಂಟ್ರೇಟ್ ಎನ್ನುತ್ತಾರೆ. ಆರಿಸಿಕೊಡುವ ವಿಧಾನವೇ ನೊರೆ ತೇಲುವಿಕೆ, ಅಂದರೆ ಫ್ರಾತ್ ಫ್ಲೋಟೇಶನ್.

ಪಿಯು ರಸಾಯನಶಾಸ್ತ್ರದ ಪಠ್ಯದಲ್ಲಿ ಇದು ಒಂದು ಚಿತ್ರ ಮತ್ತು ನಾಲ್ಕು ಸಾಲುಗಳಲ್ಲಿ ಮುಗಿಯುತ್ತದೆ. ಸಲ್ಫೈಡ್ ಅದಿರಿಗೆ ನೀರು, ಎಣ್ಣೆ ಸೇರಿಸಿ ಗಾಳಿ ಊದಿದರೆ ಖನಿಜ ನೊರೆಯೊಂದಿಗೆ ಮೇಲೆ ಬರುತ್ತದೆ, ಕಲ್ಲು ತಳಕ್ಕೆ ಇಳಿಯುತ್ತದೆ. ತಪ್ಪೇನಿಲ್ಲ. ಆದರೆ ಸ್ಥಾವರದಲ್ಲಿ ಕೆಲಸ ಮಾಡುವವರನ್ನು ಕಾಡುವ ಪ್ರಶ್ನೆ ಅಲ್ಲಿಂದಾಚೆಗೆ ಶುರುವಾಗುತ್ತದೆ: ಮೇಲೆ ಬರಬೇಕಾದ ತಾಮ್ರದಲ್ಲಿ ಒಂದು ಪಾಲು ಏಕೆ ಮೇಲೆ ಬರುವುದಿಲ್ಲ?

ಲೆಕ್ಕದಿಂದ ಆರಂಭಿಸೋಣ. ಸ್ಥಾವರಕ್ಕೆ ಬರುವ ಅದಿರಿನಲ್ಲಿ ತಾಮ್ರ ಶೇಕಡಾ 1, ಕಾನ್ಸಂಟ್ರೇಟ್‌ನಲ್ಲಿ ಶೇಕಡಾ 25, ಹೊರಗೆ ಚೆಲ್ಲುವ ಪುಡಿಯಲ್ಲಿ, ಅಂದರೆ ಟೈಲಿಂಗ್ಸ್‌ನಲ್ಲಿ, ಶೇಕಡಾ 0.10 ಎಂದುಕೊಳ್ಳಿ. ಮೂರು ಸಂಖ್ಯೆಗಳಷ್ಟೇ ಸಾಕು, ತೂಕದ ಗೊಡವೆಯೇ ಬೇಡ. ಅದಿರಿನ ಅಂಶದಿಂದ ಟೈಲಿಂಗ್ಸ್‌ನ ಅಂಶ ಕಳೆದು ಕಾನ್ಸಂಟ್ರೇಟ್‌ನ ಅಂಶದಿಂದ ಗುಣಿಸಿ; ಅದನ್ನು, ಕಾನ್ಸಂಟ್ರೇಟ್‌ನಿಂದ ಟೈಲಿಂಗ್ಸ್ ಕಳೆದು ಅದಿರಿನಿಂದ ಗುಣಿಸಿದ ಮೊತ್ತದಿಂದ ಭಾಗಿಸಿ. ಸಿಗುವ ಉತ್ತರ ಸುಮಾರು 0.904. ಅದಿರಿನಲ್ಲಿದ್ದ ತಾಮ್ರದಲ್ಲಿ ಶೇಕಡಾ 90.4 ಕೈಗೆ ಬಂತು. ಇದಕ್ಕೆ ರಿಕವರಿ ಎನ್ನುತ್ತಾರೆ. ಈಗ ಟೈಲಿಂಗ್ಸ್‌ನ ಅಂಶವನ್ನು 0.10ರಿಂದ 0.07ಕ್ಕೆ ಇಳಿಸಿ ನೋಡಿ: ರಿಕವರಿ 93.3ಕ್ಕೆ ಏರುತ್ತದೆ. ದಿನಕ್ಕೆ ಹತ್ತು ಸಾವಿರ ಟನ್ ಅದಿರು ಅರೆಯುವ ಸ್ಥಾವರದಲ್ಲಿ ಆ ವ್ಯತ್ಯಾಸ ದಿನಕ್ಕೆ ಸುಮಾರು 2.9 ಟನ್ ತಾಮ್ರ. ವರ್ಷದಲ್ಲಿ 350 ದಿನ ನಡೆದರೆ ಸಾವಿರ ಟನ್. ಹೊಸದಾಗಿ ಒಂದು ಹಿಡಿ ಮಣ್ಣನ್ನೂ ಅಗೆಯದೆ, ಹೆಚ್ಚುವರಿಯಾಗಿ ಒಂದು ಕಲ್ಲನ್ನೂ ಸಿಡಿಸದೆ ಸಿಕ್ಕ ತಾಮ್ರ ಅದು. ತನ್ನ ಕುಲುಮೆಗಳಿಗೆ ಬೇಕಾದ ಕಾನ್ಸಂಟ್ರೇಟ್‌ನ ಬಹುಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳುವ ಭಾರತಕ್ಕೆ ಈ ಲೆಕ್ಕ ಸಣ್ಣದಲ್ಲ.

ಕಣ ತೇಲುವುದೇಕೆ?

ಮಲಾಂಜ್‌ಖಂಡ್‌ನ ಮುಖ್ಯ ತಾಮ್ರ ಖನಿಜ ಚಾಲ್ಕೋಪೈರೈಟ್. ತಾಮ್ರ, ಕಬ್ಬಿಣ, ಗಂಧಕ ಸೇರಿದ ಹಿತ್ತಾಳೆ ಬಣ್ಣದ ಖನಿಜ. ಇದರ ಸಾಂದ್ರತೆ ನೀರಿನ ನಾಲ್ಕು ಪಟ್ಟಿಗಿಂತ ಹೆಚ್ಚು, ಸುತ್ತಲಿನ ಬೆಣಚುಕಲ್ಲಿನದು ಸುಮಾರು 2.65 ಪಟ್ಟು. ಭಾರವಾದದ್ದು ತೇಲಿ ಹಗುರವಾದದ್ದು ಮುಳುಗುತ್ತದೆ ಎಂಬುದೇ ಈ ವಿಧಾನದ ಸೋಜಿಗ. ಇಲ್ಲಿ ತೂಕ ಲೆಕ್ಕಕ್ಕಿಲ್ಲ, ಲೆಕ್ಕಕ್ಕಿರುವುದು ಮೇಲ್ಮೈ.

ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಹರಡದೆ ಹನಿಯಾಗಿಯೇ ಉರುಳುತ್ತದೆ, ಎಲೆ ನೀರನ್ನು ಒಲ್ಲದು. ಖನಿಜದ ಕಣದ ಮೇಲ್ಮೈಯನ್ನೂ ಹಾಗೆ ನೀರೊಲ್ಲದಂತೆ ಮಾಡಿಬಿಟ್ಟರೆ, ನೀರಿನೊಳಗೆ ಅದು ಗಾಳಿಯ ಗುಳ್ಳೆಗೆ ಅಂಟಿಕೊಳ್ಳುತ್ತದೆ. ಈ ಬದಲಾವಣೆ ತರುವ ರಾಸಾಯನಿಕಕ್ಕೆ ಕಲೆಕ್ಟರ್ ಎಂದು ಹೆಸರು. ಅತಿ ಹೆಚ್ಚು ಬಳಕೆಯಲ್ಲಿರುವ ಕಲೆಕ್ಟರ್ ಝಾಂಥೇಟ್. ಅದರ ಅಣುವಿನ ಒಂದು ತುದಿಯಲ್ಲಿ ಗಂಧಕವಿದೆ, ಅದು ಖನಿಜದ ಮೇಲ್ಮೈಯ ತಾಮ್ರಕ್ಕೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ; ಇನ್ನೊಂದು ತುದಿಯ ಇಂಗಾಲದ ಸರಪಳಿ ನೀರಿನ ಕಡೆಗೆ ಮುಖಮಾಡಿ ನೀರನ್ನು ದೂರವಿಡುತ್ತದೆ. ಬೆಣಚುಕಲ್ಲಿನ ಮೇಲೆ ಅದಕ್ಕೆ ಹಿಡಿತವೇ ಸಿಗದು. ಟನ್ ಅದಿರಿಗೆ ಹತ್ತಾರು ಗ್ರಾಂ ಝಾಂಥೇಟ್ ಸಾಕು. ಗುಳ್ಳೆಗಳು ಒಂದನ್ನೊಂದು ಕೂಡಿ ದೊಡ್ಡದಾಗದಂತೆ, ಮೇಲೆ ಬಂದ ನೊರೆ ತಕ್ಷಣ ಒಡೆಯದಂತೆ ನೋಡಿಕೊಳ್ಳಲು ಫ್ರಾದರ್ ಎಂಬ ಇನ್ನೊಂದು ದ್ರವ ಬೇಕು. ಹಿಂದೆ ಪೈನ್ ಎಣ್ಣೆ ಬಳಸುತ್ತಿದ್ದರು. ಎಂಐಬಿಸಿಯಂಥ ಆಲ್ಕೊಹಾಲ್‌ಗಳು ಇಂದು ಹೆಚ್ಚು ಬಳಕೆಯಲ್ಲಿವೆ. ಬೇಡದ ಖನಿಜ ತೇಲದಂತೆ ತಡೆಯುವ ವಸ್ತುಗಳಿಗೆ ಡಿಪ್ರೆಸೆಂಟ್ ಎನ್ನುತ್ತಾರೆ. ತಾಮ್ರದ ಸ್ಥಾವರಗಳಲ್ಲಿ ಅವುಗಳಲ್ಲೆಲ್ಲ ಮುಖ್ಯವಾದದ್ದು ಸಾಮಾನ್ಯ ಸುಣ್ಣ.

ಈ ವಿದ್ಯೆಯ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ತುಂಬಾ ಹಿಡಿಸಿದ ಸಂಗತಿಯೊಂದಿದೆ. ಅಮೆರಿಕದ ಕ್ಯಾರಿ ಎವರ್ಸನ್ ಎಂಬ ಮಹಿಳೆ ಎಣ್ಣೆ ಮತ್ತು ಆಮ್ಲದಿಂದ ಸಲ್ಫೈಡ್ ಖನಿಜಗಳನ್ನು ಬೇರ್ಪಡಿಸುವ ಪೇಟೆಂಟನ್ನು 1886ರಲ್ಲೇ ಪಡೆದಿದ್ದರು. ಆದರೆ ದೊಡ್ಡ ಪ್ರಮಾಣದಲ್ಲಿ ಫ್ಲೋಟೇಶನ್ ಬೇರೂರಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ. ಅಲ್ಲಿನ ಸೀಸದ ಗಣಿಗಳು ತೂಕದ ವ್ಯತ್ಯಾಸ ಬಳಸಿ ಸೀಸವನ್ನು ತೆಗೆದುಕೊಂಡು, ಸತುವಿದ್ದ ಪುಡಿಯನ್ನು ಲಕ್ಷಾಂತರ ಟನ್‌ಗಟ್ಟಲೆ ರಾಶಿ ಹಾಕಿದ್ದವು. ಆ ರಾಶಿಯಲ್ಲಿದ್ದ ಸತುವನ್ನು ಪಡೆಯುವುದಕ್ಕೆಂದೇ ಫ್ಲೋಟೇಶನ್ ಬೆಳೆಯಿತು. ಅಂದರೆ ಈ ತಂತ್ರ ಹುಟ್ಟಿದ್ದೇ ಟೈಲಿಂಗ್ಸ್ ದಿಬ್ಬದ ಮೇಲೆ. 1925ರಲ್ಲಿ ಕಾರ್ನೀಲಿಯಸ್ ಕೆಲ್ಲರ್ ಝಾಂಥೇಟ್‌ಗೆ ಪೇಟೆಂಟ್ ಪಡೆದ ನಂತರ ಎಣ್ಣೆಯ ಯುಗ ಮುಗಿಯಿತು, ಶೇಕಡಾ ಒಂದೆರಡರಷ್ಟು ತಾಮ್ರವಿದ್ದ ಬಡ ಅದಿರುಗಳೂ ಇನ್ನಷ್ಟು ಲಾಭದಾಯಕವಾದವು.

ಮೊದಲು ಟೈಲಿಂಗ್ಸ್ ಓದಬೇಕು

ರಿಕವರಿ ಕುಸಿದಾಗ ಸ್ಥಾವರಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮೊದಲ ಮಾತು: ಕಲೆಕ್ಟರ್ ಸ್ವಲ್ಪ ಹೆಚ್ಚಿಸಿ ನೋಡಿ, ಅಥವಾ ಹೊಸ ರಾಸಾಯನಿಕ ತರಿಸಿ ನೋಡಿ. ಈ ಅಭ್ಯಾಸ ಹಾನಿಕರ ಎಂಬುದು ನನ್ನ ಖಚಿತ ಅಭಿಪ್ರಾಯ. ಕಳೆದುಹೋದ ತಾಮ್ರ ಯಾವ ಗಾತ್ರದ ಕಣದಲ್ಲಿದೆ, ಯಾವ ಖನಿಜದಲ್ಲಿದೆ, ಬಿಡಿಯಾಗಿದೆಯೋ ಕಲ್ಲಿನೊಳಗೆ ಹುದುಗಿದೆಯೋ ಎಂಬುದು ತಿಳಿಯದೆ ಬದಲಾಯಿಸುವ ಯಾವುದೂ ಊಹೆಯ ಮದ್ದು.

ಓದುವ ವಿಧಾನ ಕಷ್ಟದ್ದಲ್ಲ. ಟೈಲಿಂಗ್ಸ್‌ನ ಮಾದರಿಯನ್ನು ಜರಡಿ ಹಿಡಿದು, ತೀರ ನುಣುಪಾದುದನ್ನು ಸಣ್ಣ ಸೈಕ್ಲೋನ್‌ಗಳಿಂದ, ಅಂದರೆ ಕೆಸರನ್ನು ಸುಳಿಯಂತೆ ಸುತ್ತಿಸಿ ಕಣಗಳನ್ನು ವಿಂಗಡಿಸುವ ಸಾಧನಗಳಿಂದ, ಬೇರ್ಪಡಿಸಿ, ಪ್ರತಿಯೊಂದು ಗಾತ್ರದ ಪಾಲಿನಲ್ಲೂ ತಾಮ್ರ ಎಷ್ಟಿದೆ ಎಂದು ಅಳೆಯುವುದು. ಅದಿರು ಮತ್ತು ಕಾನ್ಸಂಟ್ರೇಟ್‌ಗೂ ಹಾಗೆಯೇ ಮಾಡಿ, ಗಾತ್ರದ ಎದುರು ರಿಕವರಿಯ ನಕ್ಷೆ ಬರೆದರೆ ಬಹುತೇಕ ಎಲ್ಲ ಸ್ಥಾವರಗಳಲ್ಲೂ ಒಂದೇ ಆಕಾರ ಕಾಣಿಸುತ್ತದೆ. ಸುಮಾರು 20ರಿಂದ 100 ಮೈಕ್ರಾನ್‌ವರೆಗೆ ರಿಕವರಿ ಎತ್ತರದಲ್ಲಿರುತ್ತದೆ, 10 ಮೈಕ್ರಾನ್‌ಗಿಂತ ಕೆಳಗೆ ಮತ್ತು 150 ಮೈಕ್ರಾನ್‌ಗಿಂತ ಮೇಲೆ ಬಿದ್ದುಹೋಗುತ್ತದೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಗಾತ್ರಗಳ ಅಂದಾಜು ಸಿಗಬಹುದು. ಆಮೇಲೆ ಪ್ರತಿ ಪಾಲನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಖನಿಜಗಳನ್ನು ತಾನಾಗಿಯೇ ಗುರುತಿಸಿ ಎಣಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ವ್ಯವಸ್ಥೆಗಳು ಬಂದ ಮೇಲೆ ಈ ಕೆಲಸ ಬಹಳ ನಿಖರವಾಗಿದೆ.

ದಪ್ಪ ಕಣಗಳಲ್ಲಿ ತಾಮ್ರ ಹೋಗುತ್ತಿದ್ದರೆ ಕಾರಣ ಹೆಚ್ಚಾಗಿ ಒಂದೇ: ಖನಿಜ ಬೆಣಚುಕಲ್ಲಿನಿಂದ ಬಿಡಿಸಿಕೊಂಡಿಲ್ಲ. ಕಣದ ಮೇಲ್ಮೈಯ ಹತ್ತನೇ ಒಂದು ಭಾಗದಲ್ಲಷ್ಟೇ ಚಾಲ್ಕೋಪೈರೈಟ್ ಇಣುಕುತ್ತಿದ್ದರೆ ಗುಳ್ಳೆಗೆ ಅಲ್ಲಿ ಹಿಡಿತ ಸಾಲದು. ಅಂಟಿಕೊಂಡರೂ ಸೆಲ್‌ನೊಳಗಿನ, ಅಂದರೆ ಗಾಳಿ ಊದಿ ನೊರೆ ಎಬ್ಬಿಸುವ ತೊಟ್ಟಿಯೊಳಗಿನ, ಸುಳಿಯ ಹೊಡೆತಕ್ಕೆ ಭಾರದ ಕಣ ಕಳಚಿ ಬೀಳುತ್ತದೆ. ಇನ್ನಷ್ಟು ನುಣ್ಣಗೆ ಅರೆಯುವುದು ನೇರ ಪರಿಹಾರ, ಆದರೆ ಅರೆಯುವುದೇ ಸ್ಥಾವರದ ಅತಿ ದುಬಾರಿ ಕೆಲಸ; ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಮಿಲ್‌ಗಳಿಗೇ ಹೋಗುತ್ತದೆ. ಎಲ್ಲವನ್ನೂ ನುಣ್ಣಗೆ ಮಾಡುವ ಬದಲು ಮೊದಲ ಸುತ್ತಿನಲ್ಲಿ ಸಾಧಾರಣ ನುಣುಪಿಗೆ ನಿಲ್ಲಿಸಿ, ಅರೆಬರೆ ತಾಮ್ರವಿರುವ ನೊರೆಯನ್ನು ಹಿಡಿದು, ಅದನ್ನಷ್ಟೇ ಮತ್ತೊಮ್ಮೆ ಅರೆಯುವುದು ಜಾಣತನ. ಆ ಹೊತ್ತಿಗೆ ರಾಶಿಯ ಬಹುಭಾಗ ಕಲ್ಲು ಹೊರಬಿದ್ದಿರುತ್ತದೆ, ಮರು ಅರೆತದ ಮಿಲ್ ಚಿಕ್ಕದಾದರೂ ಸಾಕು.

ನುಣುಪು ಕಣಗಳ ಕಥೆ ಬೇರೆ. ಐದು ಮೈಕ್ರಾನ್‌ನ ಚಾಲ್ಕೋಪೈರೈಟ್ ಕಣ ಸಂಪೂರ್ಣ ಬಿಡಿಯಾಗಿರುತ್ತದೆ, ಕಲೆಕ್ಟರ್ ಹೊದ್ದಿರುತ್ತದೆ, ಆದರೂ ತೇಲುವುದಿಲ್ಲ. ಏಕೆಂದರೆ ಅದು ಗುಳ್ಳೆಗೆ ಡಿಕ್ಕಿ ಹೊಡೆಯುವುದೇ ಇಲ್ಲ. ಮೇಲೇರುವ ಗುಳ್ಳೆ ತನ್ನ ಸುತ್ತಲಿನ ನೀರನ್ನು ಬದಿಗೆ ಸರಿಸುತ್ತದೆ. ಹಗುರ ಕಣ ಆ ನೀರಿನ ಜೊತೆಗೇ ಬದಿಗೆ ಜಾರುತ್ತದೆ. ಇದಕ್ಕೆ ಮದ್ದು ಸಣ್ಣ ಗುಳ್ಳೆಗಳು. ಅಷ್ಟೇ ಗಾಳಿಯನ್ನು ಅರ್ಧ ವ್ಯಾಸದ ಗುಳ್ಳೆಗಳಾಗಿ ಒಡೆದರೆ ಒಟ್ಟು ಮೇಲ್ಮೈ ಎರಡು ಪಟ್ಟಾಗುತ್ತದೆ, ಭೇಟಿಯ ಅವಕಾಶವೂ ಹೆಚ್ಚುತ್ತದೆ. ಸೆಲ್‌ನಲ್ಲಿ ಹೆಚ್ಚು ಹೊತ್ತು ಇರಗೊಡುವುದೂ ನೆರವಾಗುತ್ತದೆ.

ಆದರೆ ನುಣುಪು ಕಣಗಳು ಎಲ್ಲಿಂದ ಬಂದವು ಎಂದು ಹುಡುಕುವುದು ಇನ್ನೂ ಮುಖ್ಯ, ಮತ್ತು ಇಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿ ಇದೆ. ಉಕ್ಕಿನ ಚೆಂಡುಗಳಿಂದ ಅದಿರು ಅರೆಯುವ ಬಾಲ್ ಮಿಲ್‌ನಿಂದ ಹೊರಬಂದ ಪುಡಿ ಹೈಡ್ರೋಸೈಕ್ಲೋನ್‌ಗೆ ಹೋಗುತ್ತದೆ. ಅದು ನುಣುಪಾದುದನ್ನು ಫ್ಲೋಟೇಶನ್‌ಗೆ ಕಳುಹಿಸಿ, ದಪ್ಪವಾದುದನ್ನು ಮಿಲ್‌ಗೆ ಮರಳಿಸಬೇಕು. ಸೈಕ್ಲೋನ್ ನೋಡುವುದು ಗಾತ್ರವನ್ನು ಮಾತ್ರವಲ್ಲ, ಸಾಂದ್ರತೆಯನ್ನೂ. ಚಾಲ್ಕೋಪೈರೈಟ್ ಭಾರ. ಹಾಗಾಗಿ ಬೆಣಚುಕಲ್ಲಿನ 100 ಮೈಕ್ರಾನ್ ಕಣ ಹೊರಗೆ ಹೋಗುವಲ್ಲಿ, ಅದಕ್ಕಿಂತ ಎಷ್ಟೋ ಚಿಕ್ಕದಾದ, ಆಗಲೇ ಬಿಡಿಯಾದ ಚಾಲ್ಕೋಪೈರೈಟ್ ಕಣ ದಪ್ಪ ಎಂದು ಎಣಿಕೆಯಾಗಿ ಮಿಲ್‌ಗೆ ಮರಳುತ್ತದೆ, ಮತ್ತೆ ಮತ್ತೆ ಅರೆದು ದೂಳಾಗುತ್ತದೆ. ನಮಗೆ ಬೇಡದ ಕಲ್ಲು ದಪ್ಪವಾಗಿಯೂ, ಬೇಕಾದ ತಾಮ್ರ ಅತಿ ನುಣುಪಾಗಿಯೂ ಹೊರಬರುತ್ತವೆ. ಬೇಕಾದದ್ದಕ್ಕೆ ಪೂರ್ತಿ ತಿರುಗುಮುರುಗು! ಇದನ್ನು ತಡೆಯಲು ಮಿಲ್‌ಗೆ ಮರಳುವ ಹರಿವಿನ ದಾರಿಯಲ್ಲೇ ಒಂದು ಸೆಲ್ ಇಟ್ಟು, ಬಿಡಿಯಾದ ತಾಮ್ರವನ್ನು ಅಲ್ಲೇ ಎತ್ತಿಕೊಳ್ಳುತ್ತಾರೆ. ಇದು ಫ್ಲ್ಯಾಶ್ ಫ್ಲೋಟೇಶನ್. ಸೈಕ್ಲೋನ್ ಬದಲು ನುಣುಪು ಜರಡಿ ಬಳಸುವ ಸ್ಥಾವರಗಳೂ ಇವೆ. ಜರಡಿಗೆ ತೂಕದ ಹಂಗಿಲ್ಲ.

ಮೇಲ್ಮೈ ಕೆಟ್ಟಾಗ

ಕೆಲವೊಮ್ಮೆ ಕಣ ಸರಿಯಾದ ಗಾತ್ರದಲ್ಲಿರುತ್ತದೆ, ಬಿಡಿಯಾಗಿರುತ್ತದೆ, ಆದರೂ ಟೈಲಿಂಗ್ಸ್‌ಗೆ ಹೋಗುತ್ತದೆ. ಆಗ ಮಾತ್ರ ರಾಸಾಯನಿಕಗಳ ಕಡೆ ತಿರುಗಬೇಕು.

ಸಲ್ಫೈಡ್ ಖನಿಜ ಗಾಳಿ, ನೀರು ತಾಗಿದಂತೆ ಆಕ್ಸೀಕರಣಗೊಳ್ಳುತ್ತದೆ. ಒಡೆದ ಅದಿರು ತಿಂಗಳುಗಟ್ಟಲೆ ರಾಶಿಯಲ್ಲಿ ಮಳೆಬಿಸಿಲಿಗೆ ಬಿದ್ದಿದ್ದರೆ ಮೇಲ್ಮೈ ಹಳಸುತ್ತದೆ, ಝಾಂಥೇಟ್‌ಗೆ ಹಿಡಿತ ಸಿಗುವುದಿಲ್ಲ. ಮಿಲ್‌ನ ಉಕ್ಕಿನ ಚೆಂಡುಗಳೂ ಇದರಲ್ಲಿ ಪಾಲುದಾರರು. ಸವೆದ ಉಕ್ಕಿನಿಂದ ಬರುವ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ಖನಿಜದ ಮೇಲೆ ತೆಳು ಪದರವಾಗಿ ಕೂರುತ್ತದೆ. ತುಕ್ಕು ಹಿಡಿಯದ ಹೈ ಕ್ರೋಮ್ ಚೆಂಡುಗಳಿಗೆ ಬದಲಾಯಿಸಿದ ಕೆಲವು ಸ್ಥಾವರಗಳಲ್ಲಿ ರಿಕವರಿ ಸುಧಾರಿಸಿದ್ದು ಇದೇ ಕಾರಣಕ್ಕೆ. ಗಣಿಯ ಮೇಲ್ಪದರದ ಅದಿರಿನಲ್ಲಿ ತಾಮ್ರ ಮ್ಯಾಲಕೈಟ್‌ನಂಥ ಆಕ್ಸೈಡ್ ಬಗೆಯ ಖನಿಜಗಳಾಗಿ ಮಾರ್ಪಟ್ಟಿರುತ್ತದೆ. ಸೋಡಿಯಂ ಹೈಡ್ರೋಸಲ್ಫೈಡ್ ಹಾಕಿ ಅವುಗಳ ಮೇಲೆ ಸಲ್ಫೈಡ್ ಪದರ ಮೂಡಿಸಿ ತೇಲಿಸಬಹುದು. ಆದರೆ ಅಳತೆ ಮೀರಿದರೆ ಅದೇ ರಾಸಾಯನಿಕ ಚಾಲ್ಕೋಪೈರೈಟನ್ನೂ ಮುಳುಗಿಸುತ್ತದೆ, ಪಿಎಚ್ ಇಳಿದರೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ. ಕ್ರೈಸೊಕೊಲ್ಲಾ ಎಂಬ ಸಿಲಿಕೇಟ್ ಖನಿಜವಂತೂ ಇದಕ್ಕೂ ಸುಲಭವಾಗಿ ಬಗ್ಗುವುದಿಲ್ಲ.

ಇನ್ನು ಪೈರೈಟ್. ತಾಮ್ರವಿಲ್ಲದ ಈ ಕಬ್ಬಿಣದ ಸಲ್ಫೈಡ್ ಕೂಡ ಝಾಂಥೇಟ್‌ಗೆ ಒಲಿಯುತ್ತದೆ, ನೊರೆಗೆ ನುಗ್ಗಿ ಕಾನ್ಸಂಟ್ರೇಟ್‌ನ ಗುಣಮಟ್ಟ ಕೆಡಿಸುತ್ತದೆ. ಸುಣ್ಣ ಹಾಕಿ ಪಿಎಚ್ 10.5ಕ್ಕೂ ಮೇಲೆ ಏರಿಸಿದರೆ ಪೈರೈಟ್‌ನ ಮೇಲೆ ಹೈಡ್ರಾಕ್ಸೈಡ್ ಕೂತು ಅದು ಮುಳುಗುತ್ತದೆ, ಚಾಲ್ಕೋಪೈರೈಟ್ ತೇಲುತ್ತಲೇ ಇರುತ್ತದೆ. ಇಷ್ಟೇ ಆಗಿದ್ದರೆ ಸುಲಭವಿತ್ತು. ಆಕ್ಸೀಕರಣಗೊಂಡ ಖನಿಜದಿಂದ ಕರಗಿ ಬಂದ ತಾಮ್ರದ ಅಯಾನುಗಳು ಪೈರೈಟ್‌ನ ಮೇಲೆ ಹತ್ತಿಕೊಂಡು, ಅದು ತಾಮ್ರದ ಖನಿಜದಂತೆಯೇ ವರ್ತಿಸುವಂತೆ ಮಾಡುತ್ತವೆ. ಆಗ ಸುಣ್ಣ ಸುರಿದಷ್ಟೂ ಸಾಲದು. ಅದಿರಿನಲ್ಲಿ ಚಿನ್ನವೂ ಇದ್ದರೆ ಸುಣ್ಣ ಸುರಿಯುವುದೇ ನಷ್ಟ, ಏಕೆಂದರೆ ಹೆಚ್ಚಿನ ಸುಣ್ಣ ಬಿಡಿ ಚಿನ್ನದ ಕಣಗಳನ್ನೂ ಮುಳುಗಿಸುತ್ತದೆ. ಇಂಥಲ್ಲಿ ಥಯೋನೋಕಾರ್ಬಮೇಟ್‌ನಂಥ, ಪೈರೈಟ್‌ನ ಮೇಲೆ ಒಲವು ಕಡಿಮೆಯಿರುವ ಕಲೆಕ್ಟರ್ ಬಳಸಿ, ಕಡಿಮೆ ಪಿಎಚ್‌ನಲ್ಲೇ ಕೆಲಸ ನಡೆಸುವುದು ಒಳ್ಳೆಯದು.

ಕಲೆಕ್ಟರನ್ನು ಎಲ್ಲಿ ಹಾಕುತ್ತೇವೆ ಎಂಬುದೂ ಎಷ್ಟು ಹಾಕುತ್ತೇವೆ ಎಂಬಷ್ಟೇ ಮುಖ್ಯ. ಪೂರ್ತಿ ಪ್ರಮಾಣವನ್ನು ಮೊದಲ ಸೆಲ್‌ಗೇ ಸುರಿದರೆ ಅಪಾರ ಮೇಲ್ಮೈಯುಳ್ಳ ನುಣುಪು ಕಣಗಳು ಅದನ್ನು ನುಂಗಿಬಿಡುತ್ತವೆ. ಸಾಲಿನ ಕೊನೆಗೆ ಉಳಿಯುವ ದಪ್ಪ, ಮಂದಗತಿಯ ಕಣಗಳಿಗೆ ಏನೂ ದಕ್ಕುವುದಿಲ್ಲ. ಒಂದು ಪಾಲನ್ನು ಮಿಲ್‌ನಲ್ಲಿ, ಒಂದು ಪಾಲನ್ನು ಮೊದಲ ಸೆಲ್‌ನಲ್ಲಿ, ಉಳಿದದ್ದನ್ನು ಸಾಲಿನ ನಡುವೆ ಹಾಕುವುದು ಹಳೆಯ, ಖರ್ಚಿಲ್ಲದ ಉಪಾಯ.

ನೀರನ್ನೂ ರಾಸಾಯನಿಕವೆಂದೇ ಎಣಿಸಬೇಕು. ಟೈಲಿಂಗ್ಸ್ ಕಟ್ಟೆಯಿಂದ ಮರಳಿ ಬಳಸುವ ನೀರಿನಲ್ಲಿ ಕ್ಯಾಲ್ಸಿಯಂ, ಸಲ್ಫೇಟ್, ಹಳೆಯ ಫ್ರಾದರ್ ಎಲ್ಲ ಕೂಡಿಕೊಳ್ಳುತ್ತಾ ಹೋಗುತ್ತವೆ. ಚಿಲಿಯ ಅಟಕಾಮಾ ಮರುಭೂಮಿಯ ಸೆಂಟಿನೆಲಾ ಗಣಿ ಸಮುದ್ರದ ನೀರನ್ನು ಉಪ್ಪು ತೆಗೆಯದೆಯೇ ಫ್ಲೋಟೇಶನ್‌ಗೆ ಬಳಸುತ್ತದೆ. ಸಮುದ್ರದ ನೀರಿಗೆ ಸುಣ್ಣ ಹಾಕಿ ಪಿಎಚ್ ಏರಿಸಹೊರಟರೆ ಅದರಲ್ಲಿರುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ಒತ್ತರಿಸಿ ಸುಣ್ಣವನ್ನೆಲ್ಲ ತಿನ್ನುತ್ತದೆ. ತಾಮ್ರದೊಂದಿಗೆ ಸಿಗುವ ಮಾಲಿಬ್ಡಿನಮ್ ಖನಿಜದ ತೇಲುವಿಕೆಗೂ ಆ ಹೈಡ್ರಾಕ್ಸೈಡ್ ಅಡ್ಡಿ. ಸಿಹಿನೀರಿನಲ್ಲಿ ಕಲಿತ ಪಾಠ ಅಲ್ಲಿ ನಡೆಯುವುದಿಲ್ಲ.

ನೊರೆ ಮತ್ತು ಸೆಲ್‌ಗಳ ಸಾಲು

ನೊರೆಗೆ ಬರುವುದೆಲ್ಲ ಗುಳ್ಳೆಗೆ ಅಂಟಿಯೇ ಬಂದದ್ದಲ್ಲ. ಗುಳ್ಳೆಗಳ ನಡುವಿನ ನೀರಿನಲ್ಲಿ ಸಿಲುಕಿ ನುಣುಪು ಕಲ್ಲುಪುಡಿಯೂ ಮೇಲೆ ಬರುತ್ತದೆ. ನೊರೆಯ ಪದರ ದಪ್ಪವಾಗಿದ್ದರೆ ನೀರು ಸೋರಿ ಕಲ್ಲುಪುಡಿ ಕೆಳಗಿಳಿಯಲು ಸಮಯ ಸಿಗುತ್ತದೆ, ಕಾನ್ಸಂಟ್ರೇಟ್ ಶುದ್ಧವಾಗುತ್ತದೆ. ಆದರೆ ಒಡೆಯುವ ಗುಳ್ಳೆಗಳೊಂದಿಗೆ ಸ್ವಲ್ಪ ತಾಮ್ರವೂ ಕೆಳಗೆ ಜಾರುತ್ತದೆ. ನೊರೆ ತೆಳುವಾಗಿದ್ದರೆ ಇದರ ವಿರುದ್ಧ. ರಿಕವರಿ ಮತ್ತು ಶುದ್ಧತೆ ಎರಡನ್ನೂ ಒಂದೇ ಸೆಲ್‌ನಲ್ಲಿ ಬೇಡುವುದು ಸಲ್ಲದು.

ಅದಕ್ಕೇ ಸೆಲ್‌ಗಳನ್ನು ಹಂತಗಳಾಗಿ ಜೋಡಿಸುತ್ತಾರೆ. ಮೊದಲ ರಫರ್ ಹಂತದಲ್ಲಿ ಸಿಕ್ಕಷ್ಟನ್ನು ಹಿಡಿಯುವುದೇ ಗುರಿ. ಅಲ್ಲಿ ತಪ್ಪಿಸಿಕೊಂಡದ್ದನ್ನು ಸ್ಕ್ಯಾವೆಂಜರ್ ಹಂತ ಹಿಡಿಯುತ್ತದೆ. ಹಿಡಿದ ನೊರೆಯನ್ನು ಮರಳಿ ಅರೆದು ಕ್ಲೀನರ್ ಹಂತದಲ್ಲಿ ಶುದ್ಧಗೊಳಿಸುತ್ತಾರೆ. ರಫರ್‌ನಲ್ಲೇ ಶುದ್ಧ ನೊರೆ ಬೇಕೆಂದು ಗಾಳಿ ಕಡಿಮೆ ಮಾಡಿ ಜಿಪುಣತನ ತೋರುವುದು ನಾನು ಕಂಡಂತೆ ಅತಿ ಸಾಮಾನ್ಯವಾದ ದೋಷ. ಆ ಹಂತದಲ್ಲಿ ಬಿಟ್ಟ ತಾಮ್ರ ಮತ್ತೆ ಸಿಗುವುದು ಕಷ್ಟ. ಶುದ್ಧತೆಗೂ ಪ್ರಕೃತಿಯ ಮಿತಿ ಇದೆ. ಅಪ್ಪಟ ಚಾಲ್ಕೋಪೈರೈಟ್‌ನಲ್ಲೇ ತಾಮ್ರ ಶೇಕಡಾ 34.6. ಕಾನ್ಸಂಟ್ರೇಟನ್ನು 25ರಿಂದ 30ಕ್ಕೆ ಏರಿಸಲು ಹೊರಟರೆ ಒಂದಿಷ್ಟು ತಾಮ್ರವನ್ನು ಟೈಲಿಂಗ್ಸ್‌ಗೆ ಬಿಟ್ಟುಕೊಡಬೇಕಾಗುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಸಾಗಣೆ ವೆಚ್ಚ ಮತ್ತು ಕುಲುಮೆಯವರ ಷರತ್ತುಗಳು ನಿರ್ಧರಿಸುತ್ತವೆ.

ಟಾಲ್ಕ್ ಇರುವ ಅದಿರುಗಳಲ್ಲಿ ಮತ್ತೊಂದು ತಲೆನೋವು. ಟಾಲ್ಕ್ ಹುಟ್ಟಿನಿಂದಲೇ ನೀರೊಲ್ಲದ ಖನಿಜ, ಕಲೆಕ್ಟರ್ ಇಲ್ಲದೆಯೂ ತೇಲುತ್ತದೆ. ಅದನ್ನು ಮುಳುಗಿಸಲು ಬಳಸುವ ವಸ್ತುಗಳಲ್ಲಿ ಗೌರ್ ಗೋಂದು ಒಂದು. ನಮ್ಮ ಅಡುಗೆಮನೆಯ ಗೋರಿಕಾಯಿಯ ಬೀಜದಿಂದ ತೆಗೆದ ಅಂಟು ಅದು. ಗೋರಿಕಾಯಿ ಹೇರಳವಾಗಿ ಬೆಳೆಯುವ ರಾಜಸ್ಥಾನದಲ್ಲೇ ಖೇತ್ರಿಯ ತಾಮ್ರದ ಗಣಿಗಳೂ ಇವೆ.

ಯಂತ್ರಗಳ ಕಡೆಯಿಂದಲೂ ನೆರವು ಬಂದಿದೆ. 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡ ಫ್ಲೋಟೇಶನ್ ಕಾಲಮ್‌ನಲ್ಲಿ ನೊರೆಯ ಮೇಲೆ ನೀರು ಚಿಮುಕಿಸಿ ಕಲ್ಲುಪುಡಿಯನ್ನು ತೊಳೆದುಬಿಡುತ್ತಾರೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಗ್ರೇಮ್ ಜೇಮ್ಸನ್ ರೂಪಿಸಿದ ಸೆಲ್ ಅತಿ ಸಣ್ಣ ಗುಳ್ಳೆಗಳನ್ನು ಹುಟ್ಟಿಸಿ ನುಣುಪು ಕಣಗಳನ್ನು ಹಿಡಿಯುತ್ತದೆ. ದಪ್ಪ ಕಣಗಳಿಗೆಂದು ಕೆಳಗಿನಿಂದ ನೀರನ್ನು ನಿಧಾನವಾಗಿ ಏರಿಸುವ, ಸುಳಿಯೇ ಇಲ್ಲದ ಹೈಡ್ರೋಫ್ಲೋಟ್ ಬಂದಿದೆ. ಆಸ್ಟ್ರೇಲಿಯಾದ ಕ್ಯಾಡಿಯಾ ಗಣಿಯಲ್ಲಿ ಟೈಲಿಂಗ್ಸ್‌ಗೆ ಹೋಗುತ್ತಿದ್ದ ದಪ್ಪ ಕಣಗಳನ್ನು ಇದರಿಂದ ಹಿಡಿದರು. ಆದರೆ ನಷ್ಟ ಯಾವ ಗಾತ್ರದಲ್ಲಿದೆ ಎಂಬುದು ಗೊತ್ತಿದ್ದವರಿಗೆ ಮಾತ್ರ ಇವುಗಳಲ್ಲಿ ಯಾವುದು ಬೇಕೆಂಬುದು ತಿಳಿಯುತ್ತದೆ.

ಕರ್ನಾಟಕದಲ್ಲೂ ಚಿತ್ರದುರ್ಗದ ಬಳಿಯ ಇಂಗಳದಾಳ್‌ನಲ್ಲಿ, ಹಾಸನ ಜಿಲ್ಲೆಯ ಕಲ್ಯಾಡಿಯಲ್ಲಿ ಒಂದು ಕಾಲದಲ್ಲಿ ತಾಮ್ರದ ಗಣಿಗಳಿದ್ದವು. ಕೆಜಿಎಫ್‌ನ ಸೈನೈಡ್ ದಿಬ್ಬಗಳು ಚಿನ್ನದ ಟೈಲಿಂಗ್ಸ್‌ಗಳೇ. ಹಳೆಯ ದಿಬ್ಬಗಳಿಂದ ಲೋಹವನ್ನು ಮತ್ತೆ ತೆಗೆಯುವ ಚರ್ಚೆ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಇದೇ: ಅಲ್ಲಿ ಉಳಿದಿರುವುದು ಯಾವ ಗಾತ್ರದಲ್ಲಿ, ಯಾವ ಖನಿಜದಲ್ಲಿ, ಎಷ್ಟು ಬಿಡಿಯಾಗಿದೆ?

ಪ್ರಯೋಗ ಹೇಗೆ?

ಬದಲಾವಣೆಯನ್ನು ಮೊದಲು ಪ್ರಯೋಗಾಲಯದ ಪುಟ್ಟ ಸೆಲ್‌ನಲ್ಲಿ ಒಂದು ಕಿಲೋ ಅದಿರಿನ ಮೇಲೆ ಪರೀಕ್ಷಿಸುತ್ತಾರೆ. ನಲ್ಲಿ ನೀರಲ್ಲ, ಸ್ಥಾವರದ ನೀರನ್ನೇ ಬಳಸಬೇಕು; ಅದಿರು ಹಳಸಿರಬಾರದು. ಅಲ್ಲಿ ಗೆದ್ದದ್ದನ್ನು ಸ್ಥಾವರಕ್ಕೆ ತಂದಾಗ ನಿಜವಾದ ಕಷ್ಟ ಎದುರಾಗುತ್ತದೆ. ಅದಿರು ದಿನದಿಂದ ದಿನಕ್ಕೆ ಬದಲಾಗುವುದರಿಂದ ರಿಕವರಿ ತಾನಾಗಿಯೇ ಎರಡು ಮೂರು ಶೇಕಡಾ ಏರಿಳಿಯುತ್ತದೆ, ನಾವು ಹುಡುಕುತ್ತಿರುವ ಒಂದು ಶೇಕಡಾ ಲಾಭ ಅದರಲ್ಲಿ ಮರೆಯಾಗುತ್ತದೆ. ಹೋದ ತಿಂಗಳು ಹಳೆಯ ಕಲೆಕ್ಟರ್, ಈ ತಿಂಗಳು ಹೊಸದು ಎಂದು ಹೋಲಿಸುವುದರಲ್ಲಿ ಅರ್ಥವಿಲ್ಲ. ಒಂದೇ ಬಗೆಯ ಎರಡು ಸಾಲುಗಳಿದ್ದರೆ ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಹಾಕಿ, ಕೆಲವು ದಿನಗಳ ನಂತರ ಅದಲುಬದಲು ಮಾಡಬೇಕು. ಒಂದೇ ಸಾಲಿದ್ದರೆ ಎರಡು ದಿನಗಳ ಜೋಡಿ ಮಾಡಿ, ಯಾವ ದಿನ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ವಾರಗಟ್ಟಲೆ ನಡೆಸಿ, ಜೋಡಿಗಳ ವ್ಯತ್ಯಾಸವನ್ನು ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಒಡ್ಡಬೇಕು. ಆ ವಾರಗಳುದ್ದಕ್ಕೂ ಟೈಲಿಂಗ್ಸ್‌ನ ಮಾದರಿಗಳನ್ನು ಗಾತ್ರವಾರು ಅಳೆಯುತ್ತಿದ್ದರೆ, ಹೊಸ ಕಲೆಕ್ಟರ್ ಯಾವ ಗಾತ್ರದ ಕಣಗಳನ್ನು ಮೇಲೆ ತಂದಿತು ಎಂಬುದೂ ಅದರಲ್ಲೇ ಕಾಣಿಸುತ್ತದೆ.